ಸುಬ್ಬರಾಯರ ಮೂವತ್ತೊಂದನೇ ಹಾಳೆ

ಸುಬ್ಬರಾಯರು ಮೂವತ್ತಾರು ವರ್ಷ ಕೊಪ್ಪದಲ್ಲಿ ಟಪಾಲು ಹಂಚಿದರು. ಮೊದಲು ನಡೆದು, ಆಮೇಲೆ ಸೈಕಲ್ಲಿನಲ್ಲಿ. ಸ್ಕೂಟರು ಕೊಳ್ಳಲಿಲ್ಲ. ಸ್ಕೂಟರಿಗೆ ಅಂತ ಕೂಡಿಟ್ಟದ್ದು ಒಂದು ಕುದುರೆಗೆ ಹೋಯಿತು.

ಆ ಕುದುರೆ ಹೆಬ್ಬೆರಳಿನ ಉಗುರಿಗಿಂತ ಚೂರು ದೊಡ್ಡದು. ಕಂದು ಬಣ್ಣ. ಮೇಲೊಬ್ಬ ಟಪಾಲಿನವನು ಕೂತಿದ್ದಾನೆ, ಕುದುರೆ ಓಡುತ್ತಿದೆ. ಸಾವಿರದ ಎಂಟುನೂರ ಅರವತ್ತೊಂಬತ್ತನೇ ಇಸವಿಯ ಅಮೆರಿಕದ ಎರಡು ಸೆಂಟಿನ ಅಂಚೆಚೀಟಿ ಅದು. ಆಗಿನ ಅಲ್ಲಿನ ಜನಕ್ಕೆ ಅದು ಹಿಡಿಸಲಿಲ್ಲವಂತೆ. ದೊಡ್ಡವರ ಮುಖ ಇರಬೇಕಾದ ಜಾಗದಲ್ಲಿ ಕುದುರೆ ಯಾಕೆ ಎಂದು ನಕ್ಕರಂತೆ. ವರ್ಷ ಕಳೆಯುವುದರೊಳಗೆ ಬೇರೆ ಚೀಟಿ ತಂದರು. ಸುಬ್ಬರಾಯರಿಗೆ ಹಿಡಿಸಿದ್ದೇ ಅದಕ್ಕೆ. ರಾಜರನ್ನೂ ಮಂತ್ರಿಗಳನ್ನೂ ಬಿಟ್ಟು ತಮ್ಮ ಕಸುಬಿನವನನ್ನು ಚೀಟಿಯ ಮೇಲೆ ಕೂರಿಸಿದ್ದಾರಲ್ಲ ಎನ್ನುತ್ತಿದ್ದರು.

ಅದು ಅವರ ಕಣ್ಣಿಗೆ ಬಿದ್ದದ್ದು ಒಂದು ಸಾವಿನಿಂದ. ಬಾಳೆಹೊನ್ನೂರು ರಸ್ತೆಯ ಎಸ್ಟೇಟಿನಲ್ಲಿ ಒಬ್ಬ ಡಾಕ್ಟರಿದ್ದರು. ಅವರಿಗೆ ಅಮೆರಿಕದಿಂದ ಅಂಚೆಚೀಟಿ ಹರಾಜಿನ ಪುಸ್ತಕ ಬರುತ್ತಿತ್ತು. ಡಾಕ್ಟರು ತೀರಿಕೊಂಡ ಮೇಲೂ ಬಂತು. ಹಿಂದಕ್ಕೆ ಕಳಿಸಲೇ ಎಂದು ಕೇಳಿದರೆ ಅವರ ಮಗ, ನೀವೇ ಇಟ್ಟುಕೊಳ್ಳಿ ಎಂದ. ಅಂದು ಮನೆಗೆ ತಂದು ಊಟ ಬಿಟ್ಟು ಆ ಪುಸ್ತಕ ನೋಡಿದರು. ಹೆಂಡತಿ ಗಿರಿಯಮ್ಮ ಎರಡು ಸಲ ಸಾರು ಬಿಸಿ ಮಾಡಿದಳು.

ಹರಾಜು ಅಂದರೆ ಗಿರಿಯಮ್ಮನಿಗೆ ಗೊತ್ತಿದ್ದದ್ದು ದೇವಸ್ಥಾನದ್ದು. ಹರಕೆಗೆ ಬಂದ ಕುಂಬಳಕಾಯಿಯನ್ನು ಅಂಗಳದಲ್ಲಿಟ್ಟು ಸವಾಲು ಕೂಗುತ್ತಾರೆ. ಹಠ ಬಿದ್ದ ಇಬ್ಬರು ಇದ್ದರೆ ಕುಂಬಳಕಾಯಿಗೆ ಕರುವಿನ ಬೆಲೆ ಬರುತ್ತದೆ. ಸುಬ್ಬರಾಯರ ಅಪ್ಪ ಹಾಗೆ ಒಂದು ಕುಂಬಳಕಾಯಿ ಹಿಡಿದು, ಆ ವರ್ಷ ಮಕ್ಕಳಿಗೆ ಬಟ್ಟೆ ತರಲಿಲ್ಲ. ಸುಬ್ಬರಾಯರು ಅದನ್ನು ಮರೆತಿರಲಿಲ್ಲ. ಅದಕ್ಕೆ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಹರಾಜಿಗೆ ಮೊದಲೇ, ಇದಕ್ಕೆ ಇಷ್ಟೇ ಎಂದು ಚೀಟಿಯಲ್ಲಿ ಬರೆದು, ಮಡಚಿ, ಎಲೆ ಅಡಿಕೆ ತಟ್ಟೆಯ ಕೆಳಗೆ ಇಡುತ್ತಿದ್ದರು. ಮನಸ್ಸು ತಣ್ಣಗಿದ್ದಾಗ ಬರೆದದ್ದೇ ಬೆಲೆ, ಬಿಸಿಯಾದ ಮೇಲೆ ಕೂಗಿದ್ದು ಕುಂಬಳಕಾಯಿ. ಇದು ಅವರ ಮಾತು. ಒಂದು ಸಲವೂ ಮೀರಲಿಲ್ಲ.

ಮೊದಮೊದಲು ಬೆಲೆಯನ್ನು ಟಪಾಲಿನಲ್ಲೇ ಬರೆದು ಕಳಿಸುತ್ತಿದ್ದರು. ಸಿಕ್ಕಿತೋ ಇಲ್ಲವೋ ತಿಳಿಯಲು ಎರಡು ತಿಂಗಳು. ಆಮೇಲೆ ಕಂಪ್ಯೂಟರ್ ಬಂತು, ಮೊಬೈಲ್ ಬಂತು. ಚೆನ್ನಾಗಿರುವುದು ಅವರ ಕೈಗೆ ಎಟಕುತ್ತಿರಲಿಲ್ಲ. ಅಂಚಿನ ಹಲ್ಲು ಮುರಿದದ್ದು, ಮೂಲೆ ಸವೆದದ್ದು, ಮಾಸಿದ್ದು, ಬೇರೆಯವರು ಬೇಡ ಎಂದದ್ದನ್ನು ಹಿಡಿಯುತ್ತಿದ್ದರು. ವರ್ಷಕ್ಕೆ ಎರಡೋ ಮೂರೋ. ಕೆಲವು ವರ್ಷ ಅದೂ ಇಲ್ಲ.

ಬಂದದ್ದನ್ನು ಭೂತಗನ್ನಡಿಯಲ್ಲಿ ತಿಂಗಳುಗಟ್ಟಲೆ ನೋಡುತ್ತಿದ್ದರು. ಆ ಕಾಲದಲ್ಲಿ ಅಲ್ಲಿನ ಸಣ್ಣ ಊರಿನ ಪೋಸ್ಟ್ ಮಾಸ್ತರರು ಬಾಟಲಿ ಬಿರಡೆಯನ್ನು ಚಾಕುವಿನಲ್ಲಿ ಕೆತ್ತಿ ಮೊಹರು ಮಾಡಿಕೊಳ್ಳುತ್ತಿದ್ದರಂತೆ. ಒಬ್ಬ ನಕ್ಷತ್ರ ಕೆತ್ತಿದರೆ ಇನ್ನೊಬ್ಬ ಎಲೆ. ಕುದುರೆಯ ಮೇಲೆ ಬಿದ್ದ ಮೊಹರು ನೋಡಿ ಇದು ಇಂಥ ಊರಿನದು ಎಂದು ಸುಬ್ಬರಾಯರು ಹೇಳುತ್ತಿದ್ದರು. ಒಂದು ಸಲ ಹರಾಜಿನ ಪುಸ್ತಕದಲ್ಲಿ ಬರೆದ ಊರು ತಪ್ಪು ಎಂದು ಕೊಪ್ಪದಿಂದ ಕಾಗದ ಹಾಕಿದರು. ನೀವು ಹೇಳಿದ್ದೇ ಸರಿ ಎಂದು ಉತ್ತರ ಬಂತು. ಆ ಕಾಗದವನ್ನು ಯಾರಿಗೂ ತೋರಿಸಲಿಲ್ಲ. ಗಿರಿಯಮ್ಮನಿಗೆ ಮಾತ್ರ ತೋರಿಸಿದರು. ಅವಳು ಓದಿದ್ದು ಮೂರನೇ ಕ್ಲಾಸು. ಇಂಗ್ಲಿಷು ಬಾರದು. ಆದರೂ ಪೂರ್ತಿ ನೋಡಿದಳು.

ಅವಳಿಗೂ ಅದರಲ್ಲಿ ಒಂದು ಕೆಲಸ ಇತ್ತು. ನಮ್ಮ ಕಡೆಯ ಥಂಡಿಗೆ ಹಳೇ ಕಾಗದ ಬೂಷ್ಟು ಹಿಡಿಯುತ್ತದೆ. ಅವರು ಮನೆಯಲ್ಲಿಲ್ಲದಾಗ ಅಮೆರಿಕದ ಕವರು ಬಂದರೆ ಗಿರಿಯಮ್ಮ ಒಡೆದು, ಒಳಗಿನದನ್ನು ಒತ್ತುಕಾಗದದ ನಡುವೆ ಇಟ್ಟು, ಥಂಡಿ ಹೀರಲೆಂದು ಹುರಿದ ಅಕ್ಕಿ ಗಂಟು ಇಟ್ಟ ಡಬ್ಬಿಗೆ ಹಾಕಬೇಕು. ಹನ್ನೊಂದು ವರ್ಷ ಅದನ್ನು ಸರಿಯಾಗಿ ಮಾಡಿದಳು. ಎರಡು ಸಾವಿರದ ಒಂಬತ್ತರಲ್ಲಿ ಕೆಡಿಸಿದಳು.

ಅವತ್ತು ಮಗಳು ನಯನಳ ನಿಶ್ಚಿತಾರ್ಥ. ಶೃಂಗೇರಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಸುಬ್ಬರಾಯರು ಅವರನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋಗಿದ್ದರು. ಅಷ್ಟರಲ್ಲಿ ಇನ್ನೊಬ್ಬ ಪೋಸ್ಟ್‌ಮ್ಯಾನ್ ಬಂದು ರಿಜಿಸ್ಟರ್ಡ್ ಕವರು ಕೊಟ್ಟು ಹೋದ. ಗಿರಿಯಮ್ಮ ಒಡೆದಳು. ಒಳಗೊಂದು ಹಳೇ ಲಕೋಟೆ. ಸುತ್ತಲೂ ಕಪ್ಪು ಅಂಚು.

ಕಪ್ಪು ಹಚ್ಚಿದ ಕಾಗದ ಅಂದರೆ ಸಾವಿನ ಕಾಗದ. ಅದು ಹೊಸ್ತಿಲು ದಾಟಬಾರದು. ಅಂಗಳದಲ್ಲೇ ಓದಿ, ಹರಿದು ಎಸೆದು, ತಲೆ ಮೇಲೆ ನೀರು ಹಾಕಿಕೊಂಡು ಒಳಗೆ ಬರಬೇಕು. ಗಿರಿಯಮ್ಮನ ಅಪ್ಪ ಹಾಗೆ ಮಾಡುತ್ತಿದ್ದ. ಸುಬ್ಬರಾಯರೇ ಅಂಥ ಕಾಗದ ಇದ್ದರೆ ಗೇಟಿನಾಚೆ ನಿಂತು ಮನೆಯವರನ್ನು ಈಚೆ ಕರೆಯುತ್ತಿದ್ದರು. ಓದು ಬಾರದವರಿಗೆ ಓದಿ ಹೇಳಿ, ಅವರು ಹರಿಯುವವರೆಗೆ ಇದ್ದು ಹೋಗುತ್ತಿದ್ದರು. ಮೂವತ್ತಾರು ವರ್ಷದಲ್ಲಿ ಒಂದು ಸಾವಿನ ಕಾಗದವನ್ನೂ ಅವರು ಬಾಗಿಲ ಸಂದಿಯಲ್ಲಿ ತೂರಿಸಿದವರಲ್ಲ.

ಗಿರಿಯಮ್ಮ ಯೋಚಿಸಲಿಲ್ಲ. ಮಗಳ ನಿಶ್ಚಿತಾರ್ಥದ ದಿನ ಕಪ್ಪು ಅಂಚಿನ ಕಾಗದ ಒಳಗೆ ಬಂದಿದೆ. ಹಿತ್ತಿಲಿಗೆ ಓಡಿ ನಾಲ್ಕು ಚೂರು ಮಾಡಿ ಗೊಬ್ಬರಗುಂಡಿಗೆ ಎಸೆದಳು. ತಲೆಗೆ ಎರಡು ಚೆಂಬು ನೀರು ಸುರಿದುಕೊಂಡಳು. ಒದ್ದೆ ಕೂದಲಲ್ಲೇ ಬೀಗಿತ್ತಿಗೆ ಕುಂಕುಮ ಕೊಟ್ಟಳು.

ಬಂದವರು ಹೋದ ಮೇಲೆ ಗಂಡನಿಗೆ ಹೇಳಿದಳು. ಸುಬ್ಬರಾಯರು ಎದ್ದು ಗೊಬ್ಬರಗುಂಡಿಗೆ ಇಳಿದರು. ಒಂದೊಂದಾಗಿ ನಾಲ್ಕೂ ಚೂರು ಹೆಕ್ಕಿದರು. ಒಂದಕ್ಕೆ ಸಗಣಿ ಮೆತ್ತಿತ್ತು. ಬಾಳೆಲೆಯ ಮೇಲೆ ಜೋಡಿಸಿದರು. ಹರಿದದ್ದು ಸರಿಯಾಗಿ ಲಕೋಟೆಗೆ ಅಂಟಿಸಿದ್ದ ಕುದುರೆಯ ನಡುವೆಯೇ ಹೋಗಿತ್ತು.

"ಅವ್ರು ಸತ್ತು ನೂರ ನಲವತ್ತು ವರ್ಷ ಆಯ್ತಲ್ಲ ಮಾರಾಯ್ತಿ" ಎಂದರು. "ಸೂತಕ ಕಳ್ದಿರ್ತಿತ್ತು."

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಒಳಗೆ ಮಾತ್ರ ತರ್ಬೇಡಿ" ಎಂದಳು ಗಿರಿಯಮ್ಮ. ಹಾಗೆ ಹೇಳಿದ್ದಕ್ಕೆ ಅವಳು ಆಮೇಲೆ ತನ್ನನ್ನೇ ಬೈದುಕೊಂಡಳು.

"ತರಲ್ಲ ಬಿಡು."

ಮರುದಿನ ಬೆಳಗ್ಗೆ ಎಲೆ ಸಮೇತ ಒಂದು ಪೊಟ್ಟಣ ಕಟ್ಟಿ ಬಸ್ಸು ಹತ್ತಿದರು. ಸಂಜೆ ಬರಿಗೈಯಲ್ಲಿ ಬಂದರು. ಹರಿಹರಪುರಕ್ಕೆ ಹೋಗಿ ತುಂಗೆಗೆ ಬಿಟ್ಟು ಬಂದಿರಬೇಕು ಎಂದುಕೊಂಡಳು. ಕೇಳಲಿಲ್ಲ. ಅವರೂ ಹೇಳಲಿಲ್ಲ. ಮುಂದಿನ ಕವರು ಬಂದಾಗ, ಒಡೆದು ಡಬ್ಬಿಗೆ ಹಾಕು ಎಂದು ಅವಳಿಗೇ ಹೇಳಿದರು.

ತಾನು ಹರಿದದ್ದು ಎಂಥದು ಎಂದು ಅವಳಿಗೆ ತಿಳಿದದ್ದು ನಯನಳಿಂದ, ಮದುವೆ ಆದ ಮೇಲೆ. ಕುದುರೆ ಅಂಟಿಸಿದ ಸಾವಿನ ಲಕೋಟೆ ಬಲು ಅಪರೂಪವಂತೆ. ಅಪ್ಪ ಹನ್ನೊಂದು ವರ್ಷ ಅದಕ್ಕೇ ಕಾದಿದ್ದರಂತೆ.

ಕಳೆದ ವರ್ಷ ದೀಪಾವಳಿಗೆ ಎಂಟು ದಿನ ಇರುವಾಗ ಸುಬ್ಬರಾಯರು ಎದೆ ನೋವು ಅಂದರು. ಶಿವಮೊಗ್ಗ ತಲುಪಲಿಲ್ಲ. ದಾರಿಯಲ್ಲೇ ಹೋದರು.

ಈ ವರ್ಷ ಚೈತ್ರದಲ್ಲಿ ನರಸಿಂಹರಾಜಪುರದ ಜಯಪ್ರಕಾಶ್ ಫೋನು ಮಾಡಿದರು. ಅವರು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು, ಈಗ ರಿಟೈರ್ಡು. ಅಂಚೆಚೀಟಿ ವಿಷಯದಲ್ಲಿ ಸುಬ್ಬರಾಯರಿಗೆ ಇದ್ದ ಒಬ್ಬನೇ ಗೆಳೆಯ. ಮುಂದಿನ ತಿಂಗಳು ಚಿಕ್ಕಮಗಳೂರಿನಲ್ಲಿ ಪ್ರದರ್ಶನ ಇದೆ, ಸುಬ್ಬರಾಯನ ಕುದುರೆಗಳನ್ನು ಇಡೋಣ ಎಂದರು. ಮೂರು ಚೌಕಟ್ಟು, ಒಂದೊಂದರಲ್ಲಿ ಹದಿನಾರು ಹಾಳೆ.

ಸುಬ್ಬರಾಯರು ಎಲ್ಲವನ್ನೂ ಬಿಳಿ ಹಾಳೆಗೆ ಹಚ್ಚಿ, ಕೆಳಗೆ ವಿವರ ಬರೆದು, ಮೂಲೆಯಲ್ಲಿ ಪೆನ್ಸಿಲಿನಲ್ಲಿ ಸಂಖ್ಯೆ ಹಾಕಿದ್ದರು. ಗಿರಿಯಮ್ಮ ಒಂದೊಂದೇ ತಿರುವಿದಳು. ಮೂವತ್ತು ಇತ್ತು. ಅದರ ಮುಂದಿನದು ಮೂವತ್ತೆರಡು. ನಡುವಿನದು ಇರಲಿಲ್ಲ. ಅದು ಯಾವುದೆಂದು ಯಾರೂ ಹೇಳಬೇಕಿರಲಿಲ್ಲ.

ಅದಿಲ್ಲದೆ ಇವನ್ನು ನಾಲ್ಕು ಜನರ ಮುಂದೆ ಇಡುವುದಿಲ್ಲ ಎಂದು ತೀರ್ಮಾನ ಮಾಡಿದಳು. ತಾನು ಹರಿದದ್ದನ್ನು ತಾನೇ ತಂದು ಇಡಬೇಕು. ಜಯಪ್ರಕಾಶರಿಗೆ ಹೇಳಲಿಲ್ಲ. ನಯನಳನ್ನು ಶೃಂಗೇರಿಯಿಂದ ಕರೆಸಿದಳು. ಅಪ್ಪನ ಮೊಬೈಲಿನಲ್ಲಿ ನಯನ ಹುಡುಕಿದಳು. ಹತ್ತು ದಿನ ಏನೂ ಇಲ್ಲ. ಹನ್ನೊಂದನೇ ದಿನ ಒಂದು ಬಂತು. ಕಪ್ಪು ಅಂಚು, ಎರಡು ಸೆಂಟಿನ ಕುದುರೆ. ಹರಾಜು ಅಲ್ಲಿಯ ಸಂಜೆ, ನಮ್ಮ ಬೆಳಗಿನ ಆರೂವರೆ.

ಗಿರಿಯಮ್ಮನಿಗೆ ಎರಡು ಚಿನ್ನದ ಬಳೆ ಇತ್ತು. ಅವರು ಹೋದ ದಿನ ತೆಗೆದಿಟ್ಟದ್ದು. ಒಂದು ನಯನಳ ಮಗಳಿಗೆ ಎಂದು ಅವರಿದ್ದಾಗಲೇ ಇಬ್ಬರೂ ಮಾತಾಡಿಕೊಂಡದ್ದು. ಇನ್ನೊಂದು ಅವಳದೇ. ಹಿಂದಿನ ಸಂಜೆ ಒಂದು ಚೀಟಿಯಲ್ಲಿ ಬರೆದಳು, ಮಡಚಿ ಎಲೆ ಅಡಿಕೆ ತಟ್ಟೆಯ ಕೆಳಗೆ ಇಟ್ಟಳು.

ಬೆಳಗ್ಗೆ ತಾಯಿ ಮಗಳು ಅಡುಗೆಮನೆಯ ಮಣೆಯ ಮೇಲೆ ಕೂತರು. ನಯನ ಒಂದು ಬಳೆ ಎಷ್ಟಾಗುತ್ತದೆ ಎಂದು ಮೊದಲೇ ವಿಚಾರಿಸಿದ್ದಳು. ಬೆಲೆ ಏರಿತು. ನಯನ ಒತ್ತಿದಳು. ಮತ್ತೆ ಏರಿತು. ಮತ್ತೆ ಒತ್ತಿದಳು. ಆ ಕಡೆಯೂ ಯಾರೋ ಒಬ್ಬರು ಬಿಡುತ್ತಿರಲಿಲ್ಲ. ಗಿರಿಯಮ್ಮನಿಗೆ ಸವಾಲಿನ ಕುಂಬಳಕಾಯಿ ನೆನಪಾಯಿತು.

"ಅಮ್ಮ, ಒಂದು ಬಳೆ ಮುಗೀತು" ಎಂದಳು ನಯನ. "ಇನ್ನೊಂದು ಇದ್ಯಲ್ಲ. ನನ್ ಮಗಳಿಗೆ ಬ್ಯಾಡ. ಒತ್ತಲಾ?"

ಗಿರಿಯಮ್ಮನಿಗೆ ಬೇಕಿತ್ತು. ನಾಲಿಗೆ ತುದಿಗೆ ಬಂದಿತ್ತು.

"ಚೀಟಿಲಿ ಎಂತ ಬರ್ದಿದೆ ನೋಡು."

ನಯನ ತಟ್ಟೆ ಎತ್ತಿ ಬಿಡಿಸಿದಳು. ಒಂದು ಬಳೆ ಎಂದಿತ್ತು.

"ಹಂಗಾರೆ ಮುಗೀತು" ಎಂದಳು ಗಿರಿಯಮ್ಮ. "ನಿನ್ನಪ್ಪ ಮೀರ್ಲಿಲ್ಲ. ನಾನು ಮೀರಿ ತಂದ್ರೆ ಅದು ಅವ್ರ ಹಾಳೆ ಆಗಲ್ಲ."

ಲಕೋಟೆ ಬೇರೆ ಯಾರದೋ ಪಾಲಾಯಿತು. ಗಿರಿಯಮ್ಮ ಒಲೆಗೆ ಕಟ್ಟಿಗೆ ಹಾಕಿದಳು. ನಲವತ್ತೇಳೇ ಹಾಳೆ ಕೊಟ್ಟು, ಒಂದನ್ನು ನಾನು ಹರಿದೆ ಎಂದು ಜಯಪ್ರಕಾಶರಿಗೆ ಬಾಯಿಬಿಟ್ಟು ಹೇಳಬೇಕು. ಬೇರೆ ದಾರಿ ಇರಲಿಲ್ಲ.

ಶನಿವಾರ ಹನ್ನೊಂದು ಗಂಟೆ ಬಸ್ಸಿಗೆ ಜಯಪ್ರಕಾಶ್ ಬಂದರು. ಕಂಕುಳಲ್ಲಿ ರಟ್ಟಿನ ಫೈಲಿತ್ತು. ಗೇಟಿನ ಹತ್ತಿರ ನಿಂತರು. ಒಳಗೆ ಬನ್ನಿ, ಕಾಫಿ ಆಗಿದೆ ಎಂದು ಗಿರಿಯಮ್ಮ ಎರಡು ಸಲ ಕರೆದಳು. ಅವರು ಅಲ್ಲಾಡಲಿಲ್ಲ.

"ಅತ್ತಿಗೆ, ನೀವೇ ಈಚೆ ಬನ್ನಿ. ಇದನ್ನ ಒಳಗೆ ತರೂ ಹಾಗಿಲ್ಲ ಅಂತ ಸುಬ್ಬರಾಯ ಹೇಳಿದ್ದ."

ಗಿರಿಯಮ್ಮ ಅಂಗಳ ದಾಟಿ ಹೋದಳು. ಜಯಪ್ರಕಾಶ್ ಫೈಲು ಬಿಡಿಸಿದರು. ಮೂಲೆಯಲ್ಲಿ ಪೆನ್ಸಿಲಿನಲ್ಲಿ ಮೂವತ್ತೊಂದು. ಹಾಳೆಯ ಮೇಲೆ ಕಪ್ಪು ಅಂಚಿನ ಲಕೋಟೆ. ನಾಲ್ಕು ಚೂರನ್ನು ಹಿಂದಿನಿಂದ ತೆಳ್ಳನೆಯ ಕಾಗದ ಕೊಟ್ಟು ಕೂಡಿಸಲಾಗಿತ್ತು. ಕುದುರೆಯ ನಡುವೆ ಕೂದಲೆಳೆಯ ಹಾಗೆ ಗೆರೆ. ಕೆಳಗಿನ ಮೂಲೆಯಲ್ಲಿ ಸಗಣಿಯ ಕಲೆ ಹಾಗೇ ಇತ್ತು.

ಅವತ್ತು ಪೊಟ್ಟಣ ಹಿಡಿದು ಸುಬ್ಬರಾಯರು ಹೋದದ್ದು ತುಂಗೆಗಲ್ಲ, ನರಸಿಂಹರಾಜಪುರಕ್ಕೆ. ಮೇಷ್ಟ್ರ ಮನೆ ಜಗುಲಿಯಲ್ಲಿ ಕೂತು ಇಬ್ಬರೂ ಕೂಡಿಸಿದರಂತೆ. ಅಲ್ಲೇ ಇಟ್ಟರಂತೆ. ವರ್ಷಕ್ಕೆರಡು ಸಲ ಹೋಗಿ ನೋಡಿಕೊಂಡು ಬರುತ್ತಿದ್ದರಂತೆ. ಹೆಂಡತಿಗೆ ಕೊಟ್ಟ ಮಾತು ಅದು, ಒಳಗೆ ತರಲ್ಲ ಅಂದದ್ದು. ಹದಿನೈದು ವರ್ಷ ನಡೆಸಿದರು.

ಕೆಳಗೆ ಇಂಗ್ಲಿಷಿನಲ್ಲಿ ಬರೆದಿದ್ದನ್ನು ಜಯಪ್ರಕಾಶ್ ಕನ್ನಡದಲ್ಲಿ ಓದಿದರು. ಬಾಸ್ಟನ್ ಊರಿನೊಳಗೇ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋದ ಸಾವಿನ ಸುದ್ದಿ. ಆಮೇಲೆ ಕೊಪ್ಪ, ಎರಡು ಸಾವಿರದ ಒಂಬತ್ತು. ತಲುಪಿದ ಕೂಡಲೇ, ಈ ಊರಿನ ಪದ್ಧತಿಯಂತೆ ಹರಿಯಲಾಗಿದೆ.

"ಹರಿದಿದ್ದನ್ನ ಯಾಕೆ ಬರೀತಿ ಮಾರಾಯ ಅಂತ ನಾನೇ ಕೇಳಿದ್ದೆ" ಎಂದರು ಜಯಪ್ರಕಾಶ್. "ಎಂತ ಹೇಳಿದ ಗೊತ್ತುಂಟಾ? ನೂರ ನಲವತ್ತು ವರ್ಷ ಎಲ್ರೂ ಇದಕ್ಕೆ ಬೆಲೆ ಕಟ್ಟಿದ್ರು. ತಲೆ ಮೇಲೆ ನೀರು ಹಾಕ್ಕೊಂಡಿದ್ದು ನಮ್ಮನೆಯವ್ಳು ಒಬ್ಳೇ ಅಂದ."

ಗಿರಿಯಮ್ಮ ಗೇಟು ಹಿಡಿದು ನಿಂತಳು. ಅತ್ತಳೋ ಇಲ್ಲವೋ ಜಯಪ್ರಕಾಶ್ ನೋಡಲಿಲ್ಲ, ರಸ್ತೆ ಕಡೆ ತಿರುಗಿದ್ದರು.

ಹಾಳೆಯನ್ನು ಹೀಗೇ ಹೊರಗಿಂದ ಚಿಕ್ಕಮಗಳೂರಿಗೆ ಒಯ್ಯುತ್ತೇನೆ, ಉಳಿದದ್ದು ಕೊಡಿ ಎಂದರು ಅವರು.

"ಬ್ಯಾಡ. ಒಳಗೆ ತನ್ನಿ" ಎಂದಳು ಗಿರಿಯಮ್ಮ. "ಬರೂದು ಬಂದು ಹೋಗಿದೆ ಈ ಮನೆಗೆ. ಇನ್ನೆಂತ ಬರ್ಬೇಕು?"

ಅವರು ಅನುಮಾನಿಸಿದರು. ಅವಳೇ ಅವರ ಕೈಯಿಂದ ತೆಗೆದುಕೊಂಡು ಹೊಸ್ತಿಲು ದಾಟಿದಳು. ಮೇಜಿನ ಮೇಲೆ ಹಾಳೆಗಳು ಬಿಚ್ಚಿಯೇ ಇದ್ದವು. ಮೂವತ್ತರ ಮೇಲೆ ಇಟ್ಟಳು. ಅದರ ಮೇಲೆ ಮೂವತ್ತೆರಡು ಇಟ್ಟಳು. ಅಂಚು ಸರಿ ಮಾಡಿದಳು.

ಆಮೇಲೆ ಆರಿದ ಕಾಫಿಯನ್ನು ಮತ್ತೆ ಒಲೆಗೆ ಏರಿಸಿದಳು.