ಮಗ್ಗದ ಕುಣಿಗಿಳಿದವಳು

ಮೊದಲೇ ಹೇಳಿಬಿಡುತ್ತೇನೆ, ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಊಟದ ನಡುವೆ ಎರಡು ಸಲ ಏಳುತ್ತೇನೆ. ಹುನಗುಂದದ ಕಚೇರಿಯಲ್ಲಿ ನನ್ನ ಕುರ್ಚಿಗೆ ಮುಳ್ಳಿದೆಯೇ ಎಂದು ಸಾಹೇಬರು ಕೇಳಿದ್ದೂ ಉಂಟು. ಅಂಥವಳನ್ನು ನಮ್ಮಣ್ಣನ ಮಗಳು ಒಂದು ಭಾನುವಾರ, ಇಳಕಲ್ಲಿನ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಮೂರು ತಾಸು ಅಲುಗಾಡದಂತೆ ಕೂರಿಸಿದಳು.

ಆಕೆ ಬಾಗಲಕೋಟೆಯಲ್ಲಿ ಕಾಲೇಜು ಓದುತ್ತಾಳೆ. ಅಲ್ಲಿ ಒಂದು ಆಟ ಕಲಿತು ಬಂದಿದ್ದಳು. ಒಬ್ಬರು ಕತೆ ನಡೆಸುವುದು, ಉಳಿದವರು ತಲೆಗೊಂದು ಪಾತ್ರ ಕಟ್ಟಿಕೊಂಡು ಆ ಕತೆಯೊಳಗೆ ತಿರುಗಾಡುವುದು. ಅಂದುಕೊಂಡದ್ದು ಆಯಿತೋ ಇಲ್ಲವೋ ಎನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಬಾದಾಮಿಯ ಗೆಳತಿ, ಕಲಾದಗಿಯ ಗೆಳತಿ ಬಂದಿದ್ದರು. ಆಟಕ್ಕೆ ಒಬ್ಬರು ಕಡಿಮೆ ಬಿದ್ದಿದ್ದರಿಂದ ನನ್ನನ್ನು ಎಳೆದುಕೊಂಡರು.

"ಅತ್ಯಾ, ನಿನ್ನ ಪಾತ್ರಾ ನೀನ ಮಾಡ್ಕೋ. ಮನಸಿಗೆ ಬಂದಂಗ ಮಾಡ್ಕೋ," ಎಂದು ಹಾಳೆ ಕೊಟ್ಟಳು.

ಮನಸ್ಸಿಗೆ ಬಂದಂತೆ! ಯಾರಾದರೂ ಹಾಗಂದು ಎಷ್ಟು ವರ್ಷವಾಗಿತ್ತೋ. ನಾನು ಬರೆದೇ ಬರೆದೆ. ಕೆಂಪು ಕಲ್ಲಿನ ಗುಡ್ಡಗಳಲ್ಲಿ ಒಂದು ಕುಲ. ಅವರು ನೇಯ್ದ ಬಟ್ಟೆ ಹೊದ್ದರೆ ಮನುಷ್ಯ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಹೆಣ್ಣು ಮಗ್ಗ ಮುಟ್ಟಿದರೆ ಬಟ್ಟೆಯ ಶಕ್ತಿ ಹೋಗುತ್ತದೆ ಎಂಬ ಕಟ್ಟಳೆ. ನನ್ನವಳು ಮುಟ್ಟಿದಳು, ನೇಯ್ದಳು, ತಾನು ನೇಯ್ದದ್ದನ್ನೇ ಹೊದ್ದು ಊರು ಬಿಟ್ಟಳು. 'ಮನೆಯವರು' ಎಂಬ ಜಾಗದಲ್ಲಿ ಹೀಗೆ ಬರೆದೆ: ಯಾರೂ ಇಲ್ಲ, ತಾಯಿ ಹೆರಿಗೆಯಲ್ಲೇ ತೀರಿಕೊಂಡಳು.

ಹುಡುಗಿ ಓದಿ ಹಣೆ ಚಚ್ಚಿಕೊಂಡಳು. "ನೀನೂ ಕೊಂದೇನು? ಆಡಾಕ ಬಂದಾವ್ರೆಲ್ಲಾ ಮೊದಲ ಅವ್ವಗ ಅಪ್ಪಗ ಗತಿ ಕಾಣಸ್ತಾರ ನೋಡು!"

"ಇದ್ರ ಕಾಲಾಗ ತೊಡಕ್ತಾರವಾ," ಎಂದೆ. ಎಲ್ಲರೂ ನಕ್ಕರು.

ಆ ಪಾತ್ರ ಎಲ್ಲಿಂದ ಬಂತು ಎಂದು ಕೇಳಬೇಕಾಗಿಲ್ಲ. ನಮ್ಮದು ನೇಕಾರರ ಮನೆ. ಕೆಳಗಿನ ಪಡಸಾಲೆಯಲ್ಲಿ ಅಪ್ಪನ ಮಗ್ಗವಿದೆ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವಂಥದ್ದು. ನಮ್ಮ ಓಣಿಯಲ್ಲಿ ಎಷ್ಟೋ ಹೆಂಗಸರು ನೇಯುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಹೆಣ್ಣುಮಕ್ಕಳು ಕುಣಿಗೆ ಇಳಿಯುವುದಿಲ್ಲ. ಯಾಕೆ ಎಂದರೆ, ಮೊದಲಿನಿಂದ ಹೀಗೇ. ಅವ್ವ ರಾಟಿಯ ಮುಂದೆ ಕೂತು ಕಂಡಿಕೆ ಸುತ್ತುವುದು, ಅಂದರೆ ಲಾಳಿಯೊಳಗೆ ಇಡುವ ಪುಟ್ಟ ಕೊಳವೆಗೆ ನೂಲು ತುಂಬುವುದು, ಅಪ್ಪ ನೇಯುವುದು. ನಾನು ಮದುವೆ ಒಲ್ಲೆ ಎಂದವಳು, ಹಟ ಹಿಡಿದು ನೌಕರಿ ಸೇರಿದವಳು. ಊರೆಲ್ಲ ನನ್ನನ್ನು ಗಂಡುಬೀರಿ ಎಂದರೂ ಕ್ಯಾರೇ ಅನ್ನಲಿಲ್ಲ. ಆದರೆ ಆ ಮೊಣಕಾಲುದ್ದದ ಕುಣಿಗೆ ಇಳಿಯುವ ಧೈರ್ಯ ನಲವತ್ತೆರಡು ವರ್ಷವಾದರೂ ಬಂದಿರಲಿಲ್ಲ. ಥೂ ನನ್ನ!

ಆಟ ನಾಲ್ಕಾರು ಭಾನುವಾರ ನಡೆಯಿತು. ಹುಡುಗಿ ಕಟ್ಟಿದ ಲೋಕದಲ್ಲೂ ಗುಹೆ, ಕೆಂಪು ಬಂಡೆ, ನಡುವೆ ಹೊಂಡ. ಬಾದಾಮಿ ಬಿಟ್ಟು ಬೇರೆ ಗುಡ್ಡ ನೋಡಿದ್ದರೆ ತಾನೇ! ಆ ಲೋಕದಲ್ಲಿ ನನ್ನವಳ ಬಂಡವಾಳ ಬಯಲಾಯಿತು. ಸೇತುವೆ ಎದುರಾದರೆ, "ಅಲ್ಲಿ ಹಿರಿಯಾರು ಯಾರರ ಅದಾರೇನು? ಕೇಳಿ ದಾಟ್ತೇನಿ" ಎನ್ನುತ್ತಿದ್ದೆ. ಬಾಗಿಲು ಮುಚ್ಚಿದ್ದರೆ, "ಯಜಮಾನರ ಅಪ್ಪಣಿ ತಗೋತೇನಿ" ಎನ್ನುತ್ತಿದ್ದೆ. ಕೊನೆಗೊಂದು ದಿನ ಹುಡುಗಿ ದಾಳವನ್ನು ಚಾಪೆಯ ಮೇಲೆ ಕುಕ್ಕಿದಳು.

"ಅತ್ಯಾ, ನಿನ್ನಾಕಿ ಹಾಳ್ಯಾಗ ಅಷ್ಟ ಹುಲಿ. ಆಟದಾಗ ಬರೇ ಅಪ್ಪಣಿ ಕೇಳ್ಕೋತ ಅಡ್ಡಾಡ್ತಾಳ."

ಗೆಳತಿಯರು ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಉರಿಯಲು ಬೇರೆ ಕಾರಣವೂ ಇತ್ತು. ಅಪ್ಪನ ಬಲಭುಜ ಹಿಡಿದುಕೊಂಡು ತಿಂಗಳಾಗಿತ್ತು. ಅರ್ಧ ಸೀರೆ ಮಗ್ಗದ ಮೇಲೆಯೇ ಧೂಳು ತಿನ್ನುತ್ತಿತ್ತು. ಇನ್ನು ನೇಯುವವರು ಯಾರು ಎಂದು ಅಣ್ಣ, ಮಗ್ಗ ಬಿಚ್ಚಿ ಕುಣಿ ಮುಚ್ಚಿಸಿ ಫರಸಿ ಕಲ್ಲು ಹಾಕಿಸಲು ಗಾರೆ ಕೆಲಸದ ಗೌಂಡಿಗೆ ಹೇಳಿಬಿಟ್ಟಿದ್ದ. ಗೌಂಡಿ ಬರುವುದು ಮರುದಿನ, ಸೋಮವಾರ. ಆಮೇಲೆ ಇಳಿಯುತ್ತೇನೆಂದರೂ ಇಳಿಯಲು ಕುಣಿಯೇ ಇರುವುದಿಲ್ಲ.

ಅದೇ ದಿನ ಮಧ್ಯಾಹ್ನ ಅಣ್ಣ ಹುಡುಗಿಯರನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದ. ಅಪ್ಪ ಒಳಗೆ ಮಲಗಿದ್ದರು. ಅವ್ವ ಅಡುಗೆಮನೆಯಲ್ಲಿ ಪಾತ್ರೆ ಬೋರಲು ಹಾಕುತ್ತಿದ್ದಳು. ನಾನು ಪಡಸಾಲೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಎಷ್ಟು ಸಲ ತಿರುಗಿದೆನೋ ಏನೋ. ನೀರು ಕುಡಿದೆ. ಕ್ಯಾಲೆಂಡರ್ ಸರಿಮಾಡಿದೆ. ಯಾರನ್ನಾದರೂ ಕೇಳಲೇ ಎಂದುಕೊಂಡೆ. ಹುಡುಗಿಯ ಮಾತು ನೆನಪಾಯಿತು. ಸೀರೆ ಎತ್ತಿ ಕಟ್ಟಿ ಇಳಿದೇಬಿಟ್ಟೆ.

ಒಳಗೆ ತಂಪಾಗಿತ್ತು, ಅಷ್ಟೇ. ಹಲಗೆ ತುಳಿದೆ, ಹಗ್ಗ ಜಗ್ಗಿದೆ. ಅಡ್ಡ ಎಳೆ ಒಯ್ಯುವ ಲಾಳಿ ಅರ್ಧಕ್ಕೇ ನಿಂತಿತು. ಮತ್ತೆ ಜಗ್ಗಿದೆ, ಈ ಸಲ ಹಾರಿ ನೆಲಕ್ಕೆ ಬಿತ್ತು. ಎತ್ತಿಕೊಂಡು ಮತ್ತೆ ಜಗ್ಗಿದೆ. ಸದ್ದಿಗೆ ಅಪ್ಪ ಎದ್ದು ಬಂದು ಬಾಗಿಲಲ್ಲಿ ನಿಂತರು. ಮುಗಿಯಿತು ನನ್ನ ಕತೆ ಎಂದುಕೊಂಡೆ.

"ಏ, ಅಂಚು ಎಳೀತು ನೋಡು!" ಎಂದು ಚೀರಿದರು. "ಕಟಗಿ ಒಡ್ಯಾಕತ್ತೀಯೇನು? ಹಗರ ಜಗ್ಗು!"

ಅದು ಕಲಿಯಲು ಕೂತವರನ್ನು ಬೈಯುವ ಬೈಗುಳ. ಕಟ್ಟಳೆಯ ಮಾತು ಅವರ ಬಾಯಿಂದ ಬರಲೇ ಇಲ್ಲ. ಬಗ್ಗಿ ನೇಯ್ಗೆ ನೋಡಿ, "ನಾಳಿಗೆ ಗೌಂಡಿಗೆ ಬರಬ್ಯಾಡ ಅಂತ ಹೇಳು. ನೀ ಕೆಡಸಿದ್ದು ಬಿಚ್ಚಾಕ ತಿಂಗಳ ಬೇಕು," ಎಂದರು. ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದವು.

ಅಷ್ಟರಲ್ಲಿ ಅವ್ವ ಸೆರಗಿಗೆ ಕೈ ಒರೆಸುತ್ತ ಬಂದಳು. ಕುಣಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಇಳದೇನು?"

"ಇಳದ್ನಿಬೇ."

"ಇಷ್ಟ ಹಗರಿತ್ತೇನು?" ಎಂದು ಕುಣಿಯ ಅಂಚಿಗೆ ಬಂದಳು. "ಗುಳೇದಗುಡ್ಡದಾಗ ನಮ್ಮಪ್ಪನ ಮಗ್ಗದಾಗ ನಾ ಕುಬಸದ ಖಣಾ ನೇಯ್ತಿದ್ನಿ. ಲಗ್ನಾಗಿ ಬಂದ ಮರುದಿನಾನ ನಮ್ಮತ್ತಿ, ನಿಮ್ಮಾಯಿ, ಈ ಮನ್ಯಾಗ ಹೆಣ್ಮಕ್ಕಳು ಕುಣ್ಯಾಗ ಇಳಿಯೂದಿಲ್ಲ ಅಂದ್ರು. ಹೂನ್ರಿ ಅಂದ್ನಿ. ಮುಂದ ಯಾರೂ ಕೇಳಲಿಲ್ಲ. ಅವ್ರು ಹೋಗಿ ಇಪ್ಪತ್ತ ವರ್ಷಾತು, ಆಗೂ ಕೇಳಲಿಲ್ಲ."

ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದರು. ನಾನು ಹುಟ್ಟಿದಾಗಿನಿಂದ ಅವ್ವನ ಕೈಯಲ್ಲಿ ಕಂಡಿಕೆ ನೋಡಿದ್ದೇನೆ. ಆ ಕೈಗೆ ಬೇರೇನು ಬರುತ್ತದೆ ಎಂದು ಒಂದು ದಿನವೂ ಕೇಳಿರಲಿಲ್ಲ. ಬಂಡಾಯಗಾರ್ತಿಯಂತೆ ನಾನು, ನಾಚಿಕೆಗೇಡಿ!

"ನಿನಗ ಕಂಡಿಕಿ ಸುತ್ತಿ ಕೊಡೂದಿಲ್ಲ ನಾ," ಎಂದಳು ಅವ್ವ. "ನೀನ ಸುತ್ಕೋ."

ಸುತ್ತಿಕೊಂಡೆ. ಸಂಜೆಯವರೆಗೂ ರಾಟಿಯ ಮುಂದೆ ಕೂತಿದ್ದೆ. ಒಮ್ಮೆಯೂ ಏಳಲಿಲ್ಲ. ನೂಲು ಹತ್ತು ಸಲ ಹರಿಯಿತು. ದೀಪ ಹಚ್ಚಿದ ಮೇಲೆ ಅವ್ವ ಬಂದು ಪಕ್ಕದಲ್ಲಿ ಕೂತಳು. ಹರಿದ ಎಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಹೊಸೆದು ಕೂಡಿಸಿದಳು.

"ಆಟದಾಗ ನಿನ್ನಾಕಿಗೆ ಅವ್ವ ಇಲ್ಲೇನು?" ಎಂದು ಕೇಳಿದಳು. ನಾವು ಆಡುವಾಗ ಮಾಳಿಗೆಯ ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು ಎಂದು ನನಗೆ ಆಗ ತಿಳಿಯಿತು.

"ಇಲ್ಲಬೇ. ಸತ್ತಾಳ."

"ಯಾರ ಸಾಯಿಸಿದ್ರು?"

"ನಾನ."

ಅವ್ವ ಇನ್ನೊಂದು ಕಂಡಿಕೆ ಎತ್ತಿಕೊಂಡು ರಾಟಿ ತಿರುವಿದಳು. ಅದು ತುಂಬಿದ ಮೇಲೆ ತೆಗೆದು ಬುಟ್ಟಿಗೆ ಹಾಕಿದಳು.

"ಬದುಕಸು ಆಕೀನ," ಎಂದಳು. "ಆಕಿಗೂ ನೇಯಾಕ ಬರ್ತೈತಿ ಅಂತ ಬರಿ."