ಉಗ್ರಪ್ಪನ ಹೆಂಡತಿ

ಬಲಮೊಣಕಾಲು ಊದಿಕೊಂಡು ಮೆಟ್ಟಿಲು ಹತ್ತಲಾಗದಂತೆ ಆದಾಗ ಗೋವಿಂದಮ್ಮನಿಗೆ ಐವತ್ತೇಳು ವರ್ಷ. ಜಯನಗರದ ಮೂರು ಮನೆಗಳಲ್ಲಿ ಪಾತ್ರೆ ತೊಳೆದು, ನೆಲ ಒರೆಸಿ ಇಪ್ಪತ್ತು ವರ್ಷ ಸವೆಸಿದವಳು. ಎರಡು ಮನೆಗಳು ಮಹಡಿಯ ಮೇಲಿದ್ದವು. ಆ ಮನೆಯವರು ಕೆಟ್ಟವರೇನಲ್ಲ. ಎರಡು ತಿಂಗಳು ಕಾದು ನೋಡಿ, ಆಮೇಲೆ ಬೇರೆಯವರನ್ನು ಇಟ್ಟುಕೊಂಡರು. ಕೆಳಗಿನ ಮನೆಯೊಂದೇ ಉಳಿಯಿತು.

ವಸಂತಪುರದಲ್ಲಿ ಅವಳದು ಶೀಟು ಹೊದಿಸಿದ ಒಂದೇ ಕೋಣೆ. ಪಕ್ಕದಲ್ಲಿದ್ದ ಲತಾಮಣಿ ಅಂಗನವಾಡಿ ಟೀಚರು. ಆ ಬೀದಿಯಲ್ಲಿ ಯಾರು ಯಾವ ಅರ್ಜಿ ಹಾಕಬೇಕಾದರೂ ಅವಳನ್ನೇ ಕೇಳುತ್ತಿದ್ದರು. ಒಂದು ಭಾನುವಾರ ಅವಳು ಗೋವಿಂದಮ್ಮನ ಕಾಗದಪತ್ರಗಳನ್ನೆಲ್ಲ ಚಾಪೆಯ ಮೇಲೆ ಹರಡಿಕೊಂಡು ಕೂತಳು. ರೇಷನ್ ಕಾರ್ಡಿನಲ್ಲಿ ಗೋವಿಂದಮ್ಮನ ಹೆಸರು ಇನ್ನೂ ಆನೇಕಲ್ಲಿನ ತಮ್ಮನ ಮನೆಯಲ್ಲೇ ಇತ್ತು. ಅಲ್ಲಿ ಯಜಮಾನಿ ತಮ್ಮನ ಹೆಂಡತಿ; ಗೃಹಲಕ್ಷ್ಮಿ ಹಣವೂ ಆಕೆಗೇ ಹೋಗುತ್ತಿತ್ತು. ವೃದ್ಧಾಪ್ಯ ವೇತನಕ್ಕೆ ವಯಸ್ಸು ಸಾಲದು. ಕೊನೆಗೆ ವೋಟರ್ ಕಾರ್ಡು ಕೈಗೆ ಬಂತು. ಗಂಡನ ಹೆಸರು ಉಗ್ರಪ್ಪ ಎಂದಿತ್ತು.

ಆತ ಏನಾದ ಎಂದು ಲತಾಮಣಿ ಕೇಳಿದಳು. ಗೋವಿಂದಮ್ಮನಿಗೂ ಗೊತ್ತಿರಲಿಲ್ಲ. ಉಗ್ರಪ್ಪ ಮರದ ಸಾಮಾನಿಗೆ ಪಾಲಿಶ್ ಹಾಕುತ್ತಿದ್ದವನು. ಮದುವೆಯಾಗಿ ಎಂಟು ವರ್ಷವಾದರೂ ಮಕ್ಕಳಾಗಲಿಲ್ಲ. ಹುಬ್ಬಳ್ಳಿಯಲ್ಲಿ ಒಂದು ಹೋಟೆಲಿನ ಕೆಲಸ ಸಿಕ್ಕಿದೆ, ಮೂರು ತಿಂಗಳಲ್ಲಿ ಬರುತ್ತೇನೆ ಎಂದು ಹೋದವನು ಇಪ್ಪತ್ತಮೂರು ವರ್ಷವಾದರೂ ಬರಲಿಲ್ಲ. ಹೋಗುವ ಮುಂಚೆ ಜಗಳವೂ ಆಗಿರಲಿಲ್ಲ. ಸತ್ತನೆಂದಾಗಲಿ, ಬಿಟ್ಟನೆಂದಾಗಲಿ ಯಾರೂ ಬಂದು ಹೇಳಲಿಲ್ಲ. ಹಾಗಾಗಿ ಅವಳು ಕುಂಕುಮ ಇಟ್ಟುಕೊಂಡೇ ಇದ್ದಳು.

ಲತಾಮಣಿ ಬಿಡಲಿಲ್ಲ. ಮೈದುನ ತಿಮ್ಮರಾಯಪ್ಪನ ನಂಬರು ಎಲ್ಲಿಂದಲೋ ಹುಡುಕಿ ಫೋನು ಮಾಡಿ ಗೋವಿಂದಮ್ಮನ ಕೈಗೆ ಕೊಟ್ಟಳು.

"ಅಣ್ಣ ತೀರ್ಕೊಂಡು ಮೂರು ವರ್ಷ ಆಯ್ತು ಅತ್ತಿಗೆ," ಎಂದ ತಿಮ್ಮರಾಯಪ್ಪ. "ಬೆಂಗಳೂರಲ್ಲೇ. ನಿಮ್ಗೆ ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ."

ಅವಳು ಏನೂ ಕೇಳದೆ ಫೋನನ್ನು ಲತಾಮಣಿಗೆ ಕೊಟ್ಟುಬಿಟ್ಟಳು. ಮನೆಗೆ ಹೋಗಿ ಮುಖ ತೊಳೆದು ಕುಂಕುಮ ಅಳಿಸಿದಳು. ಬೆಳಗ್ಗೆ ಕೆಲಸದ ಮನೆಯವರು ಕೇಳಿದರೆ ಏನು ಹೇಳುವುದೆಂದು ತೋಚದೆ ಮತ್ತೆ ಇಟ್ಟುಕೊಂಡಳು. ಅಳು ಬರಲಿಲ್ಲ.

ತಿಮ್ಮರಾಯಪ್ಪ ಮರಣ ಪ್ರಮಾಣಪತ್ರದ ಫೋಟೋ ಕಳಿಸಿದ. ಅದನ್ನೇ ಇಟ್ಟು ಲತಾಮಣಿ ನಾಡಕಚೇರಿಯಲ್ಲಿ ವಿಧವಾ ವೇತನಕ್ಕೆ ಅರ್ಜಿ ಹಾಕಿಸಿದಳು. ತಿಂಗಳು ಕಳೆಯಿತು. ಅಲ್ಲಿನ ಕಂಪ್ಯೂಟರ್ ಆಪರೇಟರ್ ಮಹೇಶ್ ಕರೆಸಿ, ಇದೇ ಪ್ರಮಾಣಪತ್ರದ ಮೇಲೆ ಗಿರಿನಗರದ ತಂಗೆವ್ವ ಅನ್ನುವವರು ಆಗಲೇ ವೇತನ ತೆಗೆದುಕೊಳ್ಳುತ್ತಿದ್ದಾರೆ ಎಂದ. ಒಬ್ಬನಿಗೆ ಇಬ್ಬರು ವಿಧವೆಯರನ್ನು ತೋರಿಸಲು ಬರುವುದಿಲ್ಲ, ಸಾಹೇಬರು ಬಂದು ವಿಚಾರಣೆ ಮಾಡುವ ತನಕ ಆಕೆಯದನ್ನೂ ತಡೆಹಿಡಿದಿದೆ ಎಂದ.

ದಾರಿಯುದ್ದಕ್ಕೂ ಲತಾಮಣಿ ಧೈರ್ಯ ಹೇಳಿದಳು. "ಮೊದ್ಲು ತಾಳಿ ಕಟ್ಟಿಸ್ಕೊಂಡೋರು ನೀವು ಆಂಟಿ. ವೋಟರ್ ಕಾರ್ಡಿದೆ. ಅವಳದು ಕ್ಯಾನ್ಸಲ್ ಆಗುತ್ತೆ, ನಿಮ್ಗೆ ಬರುತ್ತೆ."

ಗೋವಿಂದಮ್ಮನ ಕಿವಿಗೆ ಅದು ಬೀಳಲಿಲ್ಲ. ಆ ಹೆಂಗಸಿನ ಮುಖವನ್ನೊಮ್ಮೆ ನೋಡಬೇಕು ಎನ್ನುವ ಹಟವೊಂದೇ ಅವಳಿಗೆ. ಎರಡು ದಿನ ಬಿಟ್ಟು ಮಹೇಶನಿಂದ ವಿಳಾಸ ಬರೆಸಿಕೊಂಡು, ಲತಾಮಣಿಗೂ ಹೇಳದೆ, ಬನಶಂಕರಿಯಲ್ಲಿ ಬಸ್ಸು ಬದಲಾಯಿಸಿ ಗಿರಿನಗರಕ್ಕೆ ಹೋದಳು. ಏನೇನು ಬಯ್ಯಬೇಕೆಂದು ಬಸ್ಸಿನಲ್ಲೇ ಜೋಡಿಸಿಕೊಂಡಿದ್ದಳು.

ಓಣಿಯ ಕೊನೆಯ ಮನೆ. ಬಾಗಿಲಲ್ಲಿ ಕೂತಿದ್ದ ತಂಗೆವ್ವ ಅವಳಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. ಪಾರ್ಶ್ವವಾಯು ಬಡಿದು ಎಡಗೈ ಜೋತುಬಿದ್ದಿತ್ತು. ಅದನ್ನು ನೋಡಿದ್ದೇ ಗೋವಿಂದಮ್ಮನ ಬಾಯಿಗೆ ಬೇರೆ ಮಾತು ಬಂತು. ಉಗ್ರಪ್ಪನ ಊರಿನವಳು, ವಿಷಯ ತಡವಾಗಿ ಗೊತ್ತಾಯಿತು, ಮಾತಾಡಿಸಿಕೊಂಡು ಹೋಗೋಣವೆಂದು ಬಂದೆ ಅಂದಳು. ತಮ್ಮನೊಬ್ಬನನ್ನು ಬಿಟ್ಟರೆ ಅವನ ಊರಿನಿಂದ ಇಷ್ಟು ವರ್ಷದಲ್ಲಿ ಯಾರೂ ಬಂದಿರಲಿಲ್ಲವಂತೆ. ತಂಗೆವ್ವ ಒಂದೇ ಕೈಯೂರಿ ಎದ್ದು ಒಳಗೆ ಕರೆದಳು.

ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಇತ್ತು. ತಲೆ ನೆರೆತ ಉಗ್ರಪ್ಪನನ್ನು ಗೋವಿಂದಮ್ಮ ನೋಡಿದ್ದು ಅದೇ ಮೊದಲು. ಇಪ್ಪತ್ತರ ಮಗಳು ಪ್ರಿಯಾಂಕಾ ಟೀ ತಂದುಕೊಟ್ಟಳು. ಅಗಲ ಹಣೆ, ಥೇಟ್ ಅವನದೇ. ಹುಬ್ಬಳ್ಳಿಯಿಂದ ಅವರು ಇಲ್ಲಿಗೆ ಬಂದು ಹನ್ನೆರಡು ವರ್ಷವಾಗಿತ್ತಂತೆ. ಅಂದರೆ ಒಂಬತ್ತು ವರ್ಷ ಅವನು ಇದೇ ಊರಿನಲ್ಲಿ ಓಡಾಡಿಕೊಂಡಿದ್ದ.

ತಂಗೆವ್ವ ಒಂದೊಂದೇ ಕಷ್ಟ ತೋಡಿಕೊಂಡಳು. "ಹೋದ ತಿಂಗಳಿಂದ ಪೆನ್ಷನ್ ಬಂದಿಲ್ರಿ ಅಕ್ಕಾರ. ಗುಳಿಗಿ ಅದರಾಗ ತರ್ತಿದ್ವಿ. ಯಾರೋ ನಾನ ಹೆಂಡ್ತಿ ಅಂತ ಅರ್ಜಿ ಕೊಟ್ಟಾರಂತ. ಮೊದಲ್ನಾಕಿ ಹಡಿಯೂ ಮುಂದ ಸತ್ಲು ಅಂತ ಹೇಳಿ ನನ್ನ ಲಗ್ನ ಆಗ್ಯಾರ್ರಿ ಅವ್ರು. ಸತ್ತಾಕಿ ಈಗ ಎಲ್ಲಿಂದ ಬಂದ್ಲು?"

ಗೋವಿಂದಮ್ಮ ಲೋಟವನ್ನು ಕೆಳಗಿಟ್ಟಳು. "ಮಗು?" ಎಂದು ಕೇಳಿದಳು.

"ಅದೂ ಉಳೀಲಿಲ್ಲಂತ. ಗಂಡುಕೂಸಂತ್ರಿ. ನೆನಸ್ಕೊಂಡು ಒಮ್ಮೊಮ್ಮೆ ಅಳ್ತಿದ್ರು."

ಹುಟ್ಟದ ಮಗುವಿಗಾಗಿ, ಸಾಯದ ಹೆಂಡತಿಗಾಗಿ ಅವನು ಈ ಮನೆಯಲ್ಲಿ ಅತ್ತಿದ್ದ. ಸುಳ್ಳಿಗೆ ಅತ್ತನೋ, ನಿಜವಾಗಿಯೂ ಅತ್ತನೋ ಅವಳಿಗೆ ತಿಳಿಯಲಿಲ್ಲ. ಹೊರಡುವಾಗ ತಂಗೆವ್ವ ಅರಿಶಿನ ಕುಂಕುಮ ಕೊಡುವಂತೆ ಮಗಳಿಗೆ ಹೇಳಿದಳು. ಬಸ್ಸು ತಪ್ಪುತ್ತದೆ ಎಂದು ಗೋವಿಂದಮ್ಮ ಸರಸರನೆ ಹೊರಗೆ ಬಂದಳು.

ಮರುವಾರ ಕಂದಾಯ ಇಲಾಖೆಯ ಸೋಮಲಿಂಗಪ್ಪ ವಸಂತಪುರಕ್ಕೆ ಬಂದರು. ಲತಾಮಣಿ ಕುರ್ಚಿ ಹಾಕಿ, ಅಕ್ಕಪಕ್ಕದ ಇಬ್ಬರನ್ನು ಸಾಕ್ಷಿಗೆಂದು ಕರೆದು ನಿಲ್ಲಿಸಿದ್ದಳು. ಸೋಮಲಿಂಗಪ್ಪ ಫೈಲು ಬಿಚ್ಚಿ, ಈ ಉಗ್ರಪ್ಪ ನಿಮಗೆ ಏನಾಗಬೇಕು ಎಂದು ಕೇಳಿದರು.

"ಏನೂ ಆಗ್ಬೇಕಿಲ್ಲ ಸಾರ್."

ಲತಾಮಣಿ ತಿರುಗಿ ನೋಡಿದಳು. ಸೋಮಲಿಂಗಪ್ಪ ವೋಟರ್ ಕಾರ್ಡನ್ನು ತೋರಿಸಿ, ಮತ್ತೆ ಇದರಲ್ಲಿರುವ ಹೆಸರು ಯಾರದು ಎಂದರು.

"ಅದು ಬೇರೆ ಉಗ್ರಪ್ಪ ಸಾರ್. ನನ್ ಗಂಡ ಬದುಕಿದ್ದಾರೆ. ಹುಬ್ಬಳ್ಳಿಗೆ ಕೆಲ್ಸಕ್ಕೆ ಹೋದೋರು ಇನ್ನೂ ಬಂದಿಲ್ಲ. ಹೆಸರು ಒಂದೇ ಅಂತ ತಪ್ಪು ತಿಳ್ಕೊಂಡ್ಬಿಟ್ಟೆ."

ಸುಳ್ಳು ಅರ್ಜಿ ಹಾಕಿದರೆ ಕೇಸು ಆಗುತ್ತದೆ ಎಂದು ಅವರು ಗದರಿದರು. ವಯಸ್ಸು ನೋಡಿ ಬಿಟ್ಟಿದ್ದೇನೆ ಎಂದೂ ಹೇಳಿ, ಅವಳು ಹೇಳಿದ್ದನ್ನು ಹಾಗೆಯೇ ಬರೆದುಕೊಂಡು ಓದಿ ಹೇಳಿದರು. ಗೋವಿಂದಮ್ಮ ನಿಧಾನವಾಗಿ ಸಹಿ ಹಾಕಿದಳು. ಅವರ ಬೈಕು ತಿರುವು ದಾಟಿದ ಮೇಲೆ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು. ಏಳು ವಾರದಿಂದ ಬಾರದ ಅಳು ಆಗ ಬಂತು. ಸಾಹೇಬರು ಬೈದದ್ದಕ್ಕೆ ಅಳುತ್ತಿದ್ದಾಳೆ ಎಂದುಕೊಂಡು ಅಕ್ಕಪಕ್ಕದವರು ಸಮಾಧಾನ ಮಾಡಿದರು.

ನಾಲ್ಕು ದಿನ ಲತಾಮಣಿ ಮಾತು ಬಿಟ್ಟಳು. ಕಚೇರಿಯಲ್ಲಿ ತನ್ನ ಮರ್ಯಾದೆ ಹೋಯಿತೆಂಬ ಸಿಟ್ಟು. ಐದನೆಯ ದಿನ ಗೋವಿಂದಮ್ಮ ತಾನಾಗಿಯೇ ಹೋಗಿ ಗಿರಿನಗರದ್ದನ್ನೆಲ್ಲ ಹೇಳಿದಳು. ಗಂಡ ಬದುಕಿದ್ದಾನೆಂದು ಬರೆದುಕೊಟ್ಟವಳು ಇನ್ನು ವಿಧವಾ ವೇತನ ಕೇಳುವ ಹಾಗಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ತಂಗೆವ್ವನ ಹಣ ಬಿಡುಗಡೆಯಾಯಿತೆಂದು ಮುಂದಿನ ತಿಂಗಳು ಮಹೇಶ್ ತಿಳಿಸಿದ.

ಆ ವರ್ಷದ ಕೊನೆಗೆ ಉಳಿದಿದ್ದ ಒಂದು ಮನೆಯ ಕೆಲಸವೂ ಹೋಯಿತು. ಗೋವಿಂದಮ್ಮ ಕೋಣೆ ಖಾಲಿ ಮಾಡಿ ಆನೇಕಲ್ಲಿಗೆ, ತಮ್ಮನ ಮನೆಗೆ ಹೋದಳು. ಅವಳು ಬಂದದ್ದು ತಮ್ಮನ ಹೆಂಡತಿಗೆ ಇಷ್ಟವಿರಲಿಲ್ಲ. ಯುಗಾದಿ ಕಳೆದ ಮೇಲೆ ಲತಾಮಣಿ ನೋಡಲು ಹೋದಾಗ ಅವಳು ಹಿತ್ತಲ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳು, ತೀರ ಇಳಿದುಹೋಗಿದ್ದಳು. ಬೀದಿಯವರ ಕ್ಷೇಮವನ್ನೆಲ್ಲ ಕೇಳಿದಳು. ಬಸ್ಸಿಗೆ ಹೊತ್ತಾಯಿತೆಂದು ಲತಾಮಣಿ ಎದ್ದಾಗ ಮೆಲ್ಲಗೆ, "ಆ ಹುಡುಗಿಗೆ ಮದ್ವೆ ಗೊತ್ತಾಯ್ತಾ?" ಎಂದಳು.

ಯಾವ ಹುಡುಗಿ ಎಂದು ಲತಾಮಣಿ ಕೇಳಲಿಲ್ಲ. ಗೊತ್ತಿಲ್ಲ ಆಂಟಿ, ವಿಚಾರಿಸ್ತೀನಿ ಎಂದು ಚಪ್ಪಲಿ ಮೆಟ್ಟಿಕೊಂಡಳು.