ಬಾಯಿ ತೆರೆದು ಸೀನುವುದು

ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟಿರುವ ನನ್ನ ಸೋದರಮಾವನಿಗೆ ಮೇಲಿನ ದವಡೆಯ ಬಲಗಡೆ ಅಗಿಯುವ ಹಲ್ಲುಗಳೇ ಇರಲಿಲ್ಲ. ವರ್ಷಗಟ್ಟಲೆ ಎಡಗಡೆಯಷ್ಟೇ ಅಗಿದು ಖಡಕ್ ರೊಟ್ಟಿ ಮುಗಿಸುತ್ತಿದ್ದ ಅವನನ್ನು ನಾನು ಓಣಿಗೆಲ್ಲ ಅಣಕಿಸಿ ತೋರಿಸಿದ್ದೆ. ಹತ್ತನೆಯ ಇಯತ್ತೆಯಲ್ಲಿ ಎರಡು ಸಲ ಡುಮ್ಕಿ ಹೊಡೆದ ನನಗೆ ಪೂರ್ತಿ ಅಂಕ ಬರುವ ವಿಷಯ ಅದೊಂದೇ.

ಕೊನೆಗೂ ಹಲ್ಲು ಕೂಡಿಸಿಕೊಳ್ಳಲು ಹೋದಾಗ ಹಾವೇರಿಯ ದಂತವೈದ್ಯರು ಎಕ್ಸ್‌ರೇ ಹಿಡಿದು ಹೇಳಿದರು: "ಇಲ್ಲಿ ಎಲುಬಿನ ಎತ್ತರ ಕಡಿಮಿ ಐತ್ರಿ. ಅದರ ಮ್ಯಾಲೆ ಮೂಗಿನ ಬಾಜೂದ ಗಾಳಿ ಗೂಡು. ಅದರ ಪೊರಿ ಒಂಚೂರು ಎತ್ತಿ, ಕೆಳಗ ಎಲುಬಿನ ಪುಡಿ ತುಂಬಿ, ಹಲ್ಲಿನ ಸ್ಕ್ರೂ ಕುಂದ್ರಸ್ತೇನಿ."

ಕೆಲಸ ಮುಗಿದ ಮೇಲೆ, ಜೊತೆಗೆ ಹೋಗಿದ್ದ ನನಗೂ ಕೇಳುವಂತೆ ಒತ್ತಿ ಹೇಳಿದರು: "ಆ ಪೊರಿ ತತ್ತಿ ಒಳಗಿನ ಪದರಿದ್ದಂಗ, ಗಾಳಿ ಒತ್ತಿದ್ರ ಹರೀತೈತಿ. ಮೂರು ವಾರ ಮೂಗು ಸೀಟಬ್ಯಾಡ್ರಿ. ಸೀನು ಬಂದ್ರ ತಡೀಬ್ಯಾಡ್ರಿ, ಬಾಯಿ ಅಗಲಿಸಿ ಸೀನ್ರಿ. ಮಾರ್ಕೆಟ್ ಕಡೆ ಅಂತೂ ಸುಳೀಲೇಬ್ಯಾಡ್ರಿ."

"ಬ್ಯಾಡಗ್ಯಾಗ ಇದ್ದು ಸೀನದಂಗ ಇರೂದು ಹೆಂಗ್ರಿ ಡಾಕ್ಟ್ರ?" ಎಂದ ಮಾವ.

ಎಂಟನೆಯ ದಿನ ಮೆಣಸಿನಕಾಯಿ ಹರಾಜಿನ ಟೆಂಡರ್ ಇತ್ತು. "ಒಂದ ತಾಸು ಹೋಗಿ ಬರೂಣು ಬಾರೋ ಅಳಿಯಾ" ಎಂದು ಮುಖಕ್ಕೆ ಟವೆಲ್ ಸುತ್ತಿಕೊಂಡು ಹೊರಟೇಬಿಟ್ಟ. ಮಾರ್ಕೆಟ್ಟಿನಲ್ಲಿ ಹಮಾಲರು ಚೀಲ ಸುರಿಯುತ್ತಿದ್ದರು. ಮಾವ ವೈದ್ಯರು ಹೇಳಿದಂತೆಯೇ ಟವೆಲ್ ಸರಿಸಿ, ಬಾಯಿ ಅಗಲಿಸಿ, ಆಕಾಶ ನೋಡಿ ಸೀನಿದ. ಇಡೀ ಊರೇ ಸೀನುವ ಆ ಮಾರ್ಕೆಟ್ಟೂ ಅಂಥದೊಂದು ಸೀನನ್ನು ಕಂಡಿರಲಿಲ್ಲ. ರಾಣೆಬೆನ್ನೂರಿನ ಖರೀದಿದಾರರು ಎದುರಿಗೇ ನಿಂತಿದ್ದರು. ನಾನು ಸುಮ್ಮನಿರಬೇಕಿತ್ತು. ಚೀಲದ ಮೇಲೆ ಹತ್ತಿ, ಕುತ್ತಿಗೆ ಚಾಚಿ, ಅದೇ ಸೀನನ್ನು ಮಾಡಿ ತೋರಿಸಿದೆ.

"ಏ, ಇನ್ನೊಮ್ಮೆ ಮಾಡಲೇ!" ಎಂದರು ಹಮಾಲರು.

ಮಾಡಿದೆ. ಮಾವನೂ ನಕ್ಕ, ಆದರೆ ಅವನ ಕಿವಿಗಳು ಕೆಂಪಾಗಿದ್ದವು. ಅದನ್ನು ನೋಡಿದ ಮೇಲೂ ಮೂರನೆಯ ಸಲ ಮಾಡಿದೆ.

ಮುಂದಿನ ಸೀನು ಬಂದಾಗ ಮಾವ ಸುತ್ತ ಒಮ್ಮೆ ನೋಡಿ, ಮೂಗು ಹಿಂಡಿಕೊಂಡು ಬಾಯಿ ಬಿಗಿಹಿಡಿದ. ಸೀನು ಒಳಗೇ ಉಳಿಯಿತು. ಸ್ವಲ್ಪ ಹೊತ್ತಿಗೆ ಟವೆಲ್ಲಿಗೆ ರಕ್ತ ಇಳಿಯಿತು.

ಅದೇ ಮಧ್ಯಾಹ್ನ ಹಾವೇರಿಯಲ್ಲಿ ವೈದ್ಯರು ಬಾಯೊಳಗೆ ನೋಡಿ ಕನ್ನಡಿ ಕೆಳಗಿಟ್ಟರು. "ಪೊರಿ ಹರದೈತಿ, ಪುಡಿ ಸರದೈತಿ. ಸ್ಕ್ರೂ ತಗೀಬೇಕು. ಮಾಯ್ದ ಮ್ಯಾಲೆ ಮತ್ತ ಕುಂದ್ರಸಾಕ ಬರ್ತೈತೋ ಇಲ್ಲೋ, ಈಗ ಹೇಳಾಕಾಗೂದಿಲ್ಲ. ಬಾಯಿ ತಗದು ಸೀನ್ರಿ ಅಂದಿದ್ನಲ್ಲ ಯಜಮಾನ್ರ?"

"ಮರತೆ ರೀ" ಎಂದ ಮಾವ, ನನ್ನ ಕಡೆ ನೋಡದೆ.

ಅವನ ಟವೆಲ್ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ.

ಮನೆಗೆ ಬಂದರೆ ಅತ್ತೆ ಅವನನ್ನೇ ಹಿಡಿದು ಜಾಡಿಸಿದಳು. "ಸಣ್ಣ ಕೂಸಿಗೆ ಹೇಳಿದ್ರೂ ತಿಳೀತಿತ್ತು! ಮರಿಯೂ ಮಾತೇನು ಅದು?" ಮಾವ ತಣ್ಣನೆಯ ಗಂಜಿ ಕುಡಿಯುತ್ತ ಕೂತಿದ್ದ.

"ಅತ್ತಿ, ಅವಂದು ತಪ್ಪಿಲ್ಲ" ಎಂದೆ. "ಮಂದಿ ಮುಂದ ನಾನ ಅವನ್ನ ಆಡಿಕೊಂಡೆ. ಅದಕ್ಕ ನಾಚಿ ಮೂಗು ಹಿಡಕೊಂಡ."

ಅತ್ತೆ ನನ್ನ ಜೋಲುಮುಖ ನೋಡಿದವಳೇ ಕಿಸಕ್ಕನೆ ನಕ್ಕಳು. "ಸಾಕ್ ಬಿಡೋ ನಿನ್ನ ಆಟ. ಈಗ ಯಾರ ಮಾರಿ ಅಣಕಸಾಕತ್ತೀಯೋ ಇದು?"

ಮಾವ ಬಟ್ಟಲಿನಿಂದ ತಲೆ ಎತ್ತಲಿಲ್ಲ.